ಬಿಸಿ ಸಂವೇದಕದಿಂದ ಗಾಳಿಯ ವೇಗ ಅಳೆಯುವ ಕ್ರಮ

ಬಿಸಿ ಸಂವೇದಕವು, ಎಂದರೆ ವಿದ್ಯುತ್ತಿನಿಂದ ಕಾಯಿಸಿದ ಸಣ್ಣ ತಂತಿ ಅಥವಾ ಮಣಿ, ಗಾಳಿಯ ವೇಗವನ್ನು ನೇರವಾಗಿ ಅಳೆಯುವುದಿಲ್ಲ. ಗಾಳಿಯು ತನ್ನಿಂದ ಎಷ್ಟು ಶಾಖವನ್ನು ಒಯ್ಯುತ್ತಿದೆ ಎಂಬುದನ್ನಷ್ಟೇ ತಿಳಿಸುತ್ತದೆ. ಅಳತೆಯಲ್ಲಿ ಬರುವ ಹೆಚ್ಚಿನ ತೊಡಕುಗಳಿಗೆ ಇದೇ ಮೂಲ.

ಪ್ರಯೋಗಾಲಯಗಳಲ್ಲಿ ಸುಮಾರು 5 ಮೈಕ್ರಾನ್ ದಪ್ಪದ ಟಂಗ್‌ಸ್ಟನ್ ತಂತಿಯನ್ನು ಬಳಸುತ್ತಾರೆ. ವೇಗದ ಅತಿ ಚುರುಕಾದ ಏರಿಳಿತವನ್ನೂ ಅದು ಹಿಡಿಯುತ್ತದೆ, ಆದರೆ ಬೆರಳು ತಗುಲಿದರೆ ತುಂಡಾಗುತ್ತದೆ. ಸರಾಸರಿ ವೇಗವಷ್ಟೇ ಬೇಕಿದ್ದರೆ ಗಾಜಿನ ಹೊದಿಕೆಯ ಎರಡು ಸಣ್ಣ ಥರ್ಮಿಸ್ಟರ್‌ಗಳೇ (ಉಷ್ಣತೆಗೆ ತಕ್ಕಂತೆ ರೋಧ ಬದಲಾಗುವ ಬಿಡಿಭಾಗಗಳು) ಮೇಲು: ಒಂದನ್ನು ಕಾಯಿಸಬೇಕು, ಇನ್ನೊಂದು ಗಾಳಿಯ ಉಷ್ಣತೆಯನ್ನು ತಿಳಿಸಬೇಕು. ಎರಡನೆಯದು ಮೊದಲನೆಯದರ ಬಿಸಿ ಗಾಳಿಗೆ ಸಿಲುಕದಂತೆ ಪಕ್ಕದಲ್ಲಿರಲಿ.

ಕಾಯುವ ಥರ್ಮಿಸ್ಟರನ್ನು ವೀಟ್‌ಸ್ಟೋನ್ ಸೇತುವೆಯ (ನಾಲ್ಕು ರೋಧಗಳನ್ನು ಹೋಲಿಸುವ ಸರ್ಕ್ಯೂಟ್) ಒಂದು ಭುಜದಲ್ಲಿಟ್ಟು, ಸೇತುವೆಯ ಅಸಮತೋಲವನ್ನು ಆಪ್-ಆಂಪ್ (ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನು ಹಿಗ್ಗಿಸುವ ಚಿಪ್) ಮೂಲಕ ಸೇತುವೆಗೇ ವಿದ್ಯುತ್ತಾಗಿ ಮರಳಿಸಿದರೆ ಅದರ ರೋಧವೂ ಉಷ್ಣತೆಯೂ ಸ್ಥಿರವಾಗಿರುತ್ತವೆ. ತಣ್ಣಗಾದಾಗ ಟಂಗ್‌ಸ್ಟನ್‌ನ ರೋಧ ಇಳಿಯುತ್ತದೆ, ಸಾಮಾನ್ಯ ಎನ್‌ಟಿಸಿ (ಬಿಸಿಯಾದಾಗ ರೋಧ ಇಳಿಯುವ) ಥರ್ಮಿಸ್ಟರಿನದು ಏರುತ್ತದೆ. ಆದ್ದರಿಂದ ತಂತಿಗಾಗಿ ಬರೆದ ಸರ್ಕ್ಯೂಟಿಗೆ ಥರ್ಮಿಸ್ಟರ್ ಹಾಕುವಾಗ ಆಪ್-ಆಂಪ್‌ನ ಎರಡು ಇನ್‌ಪುಟ್‌ಗಳನ್ನು ಅದಲುಬದಲು ಮಾಡಲೇಬೇಕು. ಸೇತುವೆ ಶೂನ್ಯದಲ್ಲೇ ನಿಂತುಬಿಡದಂತೆ ಆರಂಭಕ್ಕೆ ಸ್ವಲ್ಪ ಕರೆಂಟ್ ಸದಾ ಹರಿಯುತ್ತಿರಲಿ.

ಇನ್ನು ಕ್ಯಾಲಿಬ್ರೇಷನ್, ಎಂದರೆ ವೋಲ್ಟೇಜನ್ನು ಗೊತ್ತಿರುವ ವೇಗಗಳೊಂದಿಗೆ ಹೊಂದಿಸಿ ನೋಡುವುದು. ಭೌತವಿಜ್ಞಾನಿ ಎಲ್. ವಿ. ಕಿಂಗ್ 1914ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಸಂವೇದಕದ ಉಷ್ಣತೆಯನ್ನು ಸ್ಥಿರವಾಗಿಡಲು ಬೇಕಾಗುವ ವೋಲ್ಟೇಜಿನ ವರ್ಗವು, ವೇಗದ ವರ್ಗಮೂಲವನ್ನು ಒಂದು ಸ್ಥಿರಾಂಕದಿಂದ ಗುಣಿಸಿ ಇನ್ನೊಂದು ಸ್ಥಿರಾಂಕಕ್ಕೆ ಕೂಡಿಸಿದಷ್ಟಿರುತ್ತದೆ. ಹಲವು ವೇಗಗಳಲ್ಲಿ ವೋಲ್ಟೇಜ್ ಗುರುತಿಸಿಕೊಂಡು ವೋಲ್ಟೇಜಿನ ವರ್ಗವನ್ನೂ ವೇಗದ ವರ್ಗಮೂಲವನ್ನೂ ಗ್ರಾಫಿನಲ್ಲಿ ಎಳೆದರೆ ಹೆಚ್ಚುಕಡಿಮೆ ನೇರ ಗೆರೆ ಸಿಗುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಪಿಟೋ ನಳಿಕೆಯ (ಗಾಳಿಗೆ ಎದುರಾಗಿಟ್ಟು ಒತ್ತಡದಿಂದ ವೇಗ ತಿಳಿಯುವ ಕೊಳವೆ) ಒತ್ತಡ ಸುಮಾರು 60 ಪಾಸ್ಕಲ್ ಇರುವುದರಿಂದ ಅದನ್ನೇ ಮಾನದಂಡವಾಗಿ ಇಟ್ಟುಕೊಳ್ಳಬಹುದು. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಆ ಒತ್ತಡ 0.6 ಪಾಸ್ಕಲ್‌ಗೆ, ಎಂದರೆ 0.06 ಮಿ.ಮೀ. ನೀರಿನ ಎತ್ತರಕ್ಕೆ, ಕುಸಿಯುತ್ತದೆ. ಅಂಥ ನಿಧಾನ ವೇಗಕ್ಕೆ ನಿಶ್ಚಲ ಗಾಳಿಯಲ್ಲಿ ಸಂವೇದಕವನ್ನೇ ಗೊತ್ತಿರುವ ವೇಗದಲ್ಲಿ ಸಾಗಿಸುವುದು ಹೆಚ್ಚು ನಂಬಿಕಸ್ಥ ದಾರಿ.

ಉಷ್ಣತೆಯ ತಿದ್ದುಪಡಿಯನ್ನು ಕಡೆಗಣಿಸುವುದು ದೊಡ್ಡ ತಪ್ಪು. ಸಂವೇದಕ ಗಾಳಿಗಿಂತ 50 ಡಿಗ್ರಿ ಬಿಸಿಯಿದ್ದು, ಗಾಳಿಯೇ 5 ಡಿಗ್ರಿ ಏರಿತೆನ್ನೋಣ. ವೋಲ್ಟೇಜಿನ ವರ್ಗ ಶೇಕಡಾ 10ರಷ್ಟು ಇಳಿಯುತ್ತದೆ. ಲೆಕ್ಕದಲ್ಲಿ ಬರುವ ವೇಗವಾದರೋ ಶೇಕಡಾ 19ಕ್ಕೂ ಹೆಚ್ಚು ಕುಗ್ಗುತ್ತದೆ. ಹಾಗಾಗಿ ವೋಲ್ಟೇಜಿನ ವರ್ಗವನ್ನು ಆಯಾ ಹೊತ್ತಿನ ಉಷ್ಣತಾ ವ್ಯತ್ಯಾಸದಿಂದ ಭಾಗಿಸಿಯೇ ಕ್ಯಾಲಿಬ್ರೇಷನ್ ಗೆರೆಯೊಂದಿಗೆ ಹೋಲಿಸಬೇಕು.

ಸೆಕೆಂಡಿಗೆ 0.1ರಿಂದ 0.2 ಮೀಟರಿಗಿಂತ ಕೆಳಗೆ ಸಂವೇದಕದ ಬಿಸಿಯಿಂದಲೇ ಮೇಲೇಳುವ ಗಾಳಿ ಅಳತೆಯನ್ನು ಕೆಡಿಸುತ್ತದೆ. ಗಾಳಿ ಮುಂದಕ್ಕೆ ಬೀಸುತ್ತಿದೆಯೋ ಹಿಂದಕ್ಕೋ ಎಂಬುದು ಒಂಟಿ ಸಂವೇದಕಕ್ಕೆ ತಿಳಿಯದು. ಕೊಳವೆಯೊಳಗೆ ಅಳೆಯುವಾಗ ತಿರುವುಗಳಿಂದ ದೂರವಿದ್ದು, ಅಡ್ಡಲಾಗಿ ಹಲವು ಬಿಂದುಗಳಲ್ಲಿ ಅಳೆದು ಸರಾಸರಿ ತೆಗೆಯಿರಿ. ಉರಿಯುವ ಅನಿಲವಿರುವಲ್ಲಿ ಈ ಸಾಧನ ಬೇಡವೇ ಬೇಡ. ಧೂಳು ಕೂತರೆ ಶಾಖ ಹೊರಹೋಗುವ ರೀತಿ ಬದಲಾಗುವುದರಿಂದ, ಸ್ವಚ್ಛಗೊಳಿಸಿದ ಪ್ರತಿ ಸಲವೂ ಕ್ಯಾಲಿಬ್ರೇಷನ್ ಪರೀಕ್ಷಿಸಿಯೇ ಮುಂದುವರಿಯಿರಿ.