ಎಂಜಿಬಿ ಕಾರಿನ ಕಡ್ಡಿ ಗಾಲಿ ನಾ ಹೆಂಗ ನೋಡ್ಕೋತೇನಿ

ನನ್ನ ಹತ್ರ ಇರೋದು ಎಂಜಿಬಿ, 1962ರಿಂದ 1980ರ ತನಕ ಇಂಗ್ಲೆಂಡಿನ್ಯಾಗ ತಯಾರಾದ ಸ್ಪೋರ್ಟ್ಸ್ ಕಾರು, 14 ಇಂಚಿನ ಗಾಲಿ, ಒಂದೊಂದಕ್ಕ 60 ಕಡ್ಡಿ. ಹುಬ್ಬಳ್ಳ್ಯಾಗ ಎಲ್ಲಿ ನಿಲ್ಸಿದ್ರೂ ಮಂದಿ ಕಡ್ಡಿ ಹೊಳಪು ನೋಡ್ತಾರ, ಆದ್ರ ಈ ಗಾಲಿ ಜೀವಾ ಇರೋದು ಒಳಗ, ಹಬ್ಬಿನ (ಗಾಲಿ ಕೂಡ್ರೋ ನಡುವಿನ ಗುಂಬ) ಸ್ಪ್ಲೈನ್ ಹಲ್ಲಿನ್ಯಾಗ, ಅಂದ್ರ ಹಬ್ಬೂ ಗಾಲೀನೂ ಒಂದರಾಗೊಂದು ಕಚ್ಚಿ ಕೂಡ್ರೋ ಉದ್ದುದ್ದ ಗೆರಿಯಂಥಾ ಹಲ್ಲಿನ್ಯಾಗ. ಎಂಜಿನ್ ಎಳೆತ, ಬ್ರೇಕ್ ಹೊಡ್ತ ಎಲ್ಲಾ ಆ ಹಲ್ಲಿನ ಮ್ಯಾಲೇ ಬೀಳತೈತಿ, ನಡುವಿನ ಒಂದ ದೊಡ್ಡ ನಟ್ ಗಾಲಿನ ಒತ್ತಿ ಹಿಡಿತೈತಿ ಅಷ್ಟ.

ರಿವರ್ಸ್ ಹಾಕಿದಾಗ ಟಕ್ ಅಂತ ಸಪ್ಪಳ ಬಂದ್ರ ಮದ್ಲ ಅಲ್ಲೇ ನೋಡ್ರಿ. ಹಿಂದಿನ ಗಾಲಿ ಜಾಕ್ ಮ್ಯಾಲ ಎತ್ತಿ ಹ್ಯಾಂಡ್‌ಬ್ರೇಕ್ ಎಳದು ಗಾಲಿ ಹಿಡ್ಕೊಂಡು ಹಿಂದ ಮುಂದ ಅಳಗ್ಯಾಡಿಸ್ರಿ, ಬ್ರೇಕ್ ಡ್ರಮ್ ನಿಂತು ಗಾಲಿ ಅಷ್ಟ ಅಳಗ್ಯಾಡಿದ್ರ ಹಲ್ಲು ಸವದಾವ ಅಂತನ ಅರ್ಥ. ಸವದ ಹಲ್ಲು ಗರಗಸದಂಗ ಚೂಪ ಆಗಿರ್ತಾವ. ಆವಾಗ ಗಾಲಿ ಅಷ್ಟ ಹೊಸಾದ ಹಾಕಬ್ಯಾಡ್ರಿ, ಹಳೇ ಹಬ್ ಹೊಸಾ ಗಾಲಿನೂ ತಿಂತೈತಿ, ಎರಡೂ ಕೂಡೇ ಬದಲಸ್ಬೇಕು. ನವಲಗುಂದ ಕಡೆ ಹೋಗಿ ಬಂದ್ರ ಎರಿ ಮಣ್ಣಿನ ಧೂಳು ಹಳೇ ಗ್ರೀಸಿಗೆ ಹತ್ತಿ ಹಲ್ಲು ಉಜ್ಜಾಕ ಹತ್ತತೈತಿ, ಅದಕ್ಕ ನಾ ಸೀಮೆಎಣ್ಣಿ ಹಚ್ಚಿ ಪೂರ್ತಿ ತೊಳದು, ಒಣಗಿಸಿ, ಹೊಸಾ ಗ್ರೀಸ್ ತೆಳ್ಳಗ ಸವರ್ತೇನಿ.

ನಟ್ ಬಿಚ್ಚೋದಕ್ಕ ತಾಮ್ರದ ಸುತ್ಗಿನ ಬೇಕು, ಕಬ್ಬಿಣದ್ದು ಬಡದ್ರ ನಟ್ಟಿನ ಕಿವಿ (ಸುತ್ಗಿಲೆ ಬಡಿಯಾಕ ಹೊರಗ ಚಾಚಿದ ರೆಕ್ಕಿ) ಹಾಳಾಗತೈತಿ. ಎಡಗಡೆ ಮಾಮೂಲಿ ಥ್ರೆಡ್, ಬಲಗಡೆ ಉಲ್ಟಾ. ಗಾಡಿ ಮುಂದ ಹೋಗುವಾಗ ಗಾಲಿ ಯಾವ ಕಡೆ ತಿರಗತೈತಿ ಆ ಕಡೆ ಬಡದ್ರ ಬಿಚ್ಚತೈತಿ. ರಿಪೇರಿಗೆ ಹಬ್ ಬಿಚ್ಚಿಸಿದ್ರ ಎಡಾ ಬಲಾ ಗುರ್ತು ಮಾಡಿ ಇಡಸ್ರಿ, ಅದಲು ಬದಲಾದ್ರ ಓಡ್ತಾ ಓಡ್ತಾ ನಟ್ ತಾನ ಸಡ್ಲಾಗತೈತಿ, ಜೀವಕ್ಕ ಅಪಾಯ. ಗಾಲಿ ಹಾಕಿದ ಮ್ಯಾಲ ಉಣಕಲ್ ತನಕ ಒಂದ ರೌಂಡ್ ಹೊಡದ ಬಂದು ಮತ್ತ ಟೈಟ್ ನೋಡ್ತೇನಿ.

ಕಡ್ಡಿ ಚೆಕ್ ಮಾಡೋದು ಸಣ್ಣ ಪಾನಾ ತಗೊಂಡು ಬಡದು. ಟಿಣ್ ಅಂದ್ರ ಬಿಗಿ, ಡಬ್ ಅಂದ್ರ ಸಡ್ಲು. ಹಳೇ ಹುಬ್ಬಳ್ಳ್ಯಾಗ ಬುಲೆಟ್ ಗಾಲಿ ಔಟ್ (ಸೊಟ್ಟ) ತಗಿಯೋ ಚಾಚಾ ಒಬ್ರು ಅದಾರ, ಅವ್ರ ಮಾತು ನಾ ಮೀರಂಗಿಲ್ಲ: "ಒಂದ ಕಡ್ಡಿ ಎಳದ್ರ ಎದುರಿನ ಕಡ್ಡಿಗೂ ಹತ್ತತೈತ್ರಿ, ಪೂರಾ ಗಾಲಿ ಸ್ಟ್ಯಾಂಡಿಗೆ ಹಾಕೇ ಮಾಡ್ಬೇಕು." ಬಿಗಿ ಮಾಡಿದ ಮ್ಯಾಲ ನಿಪ್ಪಲ್ (ರಿಮ್ಮಿನ್ಯಾಗ ಕಡ್ಡಿ ಹಿಡಿಯೋ ಸಣ್ಣ ನಟ್) ದಾಟಿ ಹೊರಗ ಬಂದ ಕಡ್ಡಿ ತುದಿ ಅರ ಹಾಕಿ ಉಜ್ಜಬೇಕು, ಇಲ್ಲಂದ್ರ ಟ್ಯೂಬ್ ತೂತು. ಪಂಕ್ಚರ್ ಅಂಗಡ್ಯಾಗ ಟ್ಯೂಬ್‌ಲೆಸ್ ಮಾಡ್ರಿ ಅಂತಾರ, ಕೇಳಬ್ಯಾಡ್ರಿ, ಈ ಹಳೇ ರಿಮ್ಮಿನ್ಯಾಗ ಕಡ್ಡಿ ತೂತಿನ ಹಾದ್ಯಾಗ ಗಾಳಿ ಹೋಗತೈತಿ, ಟ್ಯೂಬು, ರಿಮ್ ಟೇಪು ಎರಡೂ ಇರಾಕ ಬೇಕು.

ತೊಳಿಯೋದಕ್ಕ ಸೋಪಿನ ನೀರು, ಮೆತ್ತನ ಬ್ರಶ್ ಸಾಕು, ಆಸಿಡ್ ಮುಟ್ಟಸಬ್ಯಾಡ್ರಿ. ಕಡ್ಡಿ ಒಂದಕ್ಕೊಂದು ದಾಟೋ ಜಾಗಾದಾಗ ನೀರು ನಿಂತು ತುಕ್ಕು ಹಿಡಿತೈತಿ, ಅಲ್ಲೆಲ್ಲಾ ಅರಬಿ ತುದಿ ತೂರಿಸಿ ಒರಸ್ರಿ.