ಡಿಕ್ ಫಿಟ್ಜೆರಾಲ್ಡ್‌ನ ಆಟದ ಬದುಕನ್ನು ನಾನು ಜೋಡಿಸಿದ ಬಗೆ

ಡಿಕ್ ಆಡಿದ ಪಂದ್ಯಗಳನ್ನೆಲ್ಲ ಹುಡುಕಿ ಪಟ್ಟಿ ಮಾಡುವುದು ಆಗಲ್ಲ ಅಂತ ಹೇಳಿದವರೇ ಜಾಸ್ತಿ. ಐರ್ಲೆಂಡ್‌ನ ಕೆರ್ರಿ ಕೌಂಟಿಯಲ್ಲಿ ಫಿಟ್ಜೆರಾಲ್ಡ್ ಅನ್ನುವವನನ್ನು ಹುಡುಕುವುದು ಮಂಡ್ಯದಲ್ಲಿ ಗೌಡರನ್ನು ಹುಡುಕಿದ ಹಾಗೆ. ಈಗ ಅಲ್ಲಿನ ಕಿಲಾರ್ನಿ ಊರಿನ, ಐರ್ಲೆಂಡ್‌ನದೇ ಆಟವಾದ ಗೇಲಿಕ್ ಫುಟ್‌ಬಾಲ್ ಆಟಗಾರನ ಐದು ಆಲ್-ಐರ್ಲೆಂಡ್ ಚಾಂಪಿಯನ್‌ಶಿಪ್ (ಕೌಂಟಿ ತಂಡಗಳ ಪಂದ್ಯಾವಳಿ) ಗೆಲುವುಗಳೂ (1903, 1904, 1909, 1913, 1914) ಅವುಗಳ ನಡುವಿನ ಪಂದ್ಯಗಳೂ ನನ್ನ ಶೀಟ್‌ನಲ್ಲಿ ಸಾಲಾಗಿ ಕೂತಿವೆ. ಡಬ್ಲಿನ್‌ನ ನಮ್ಮ ಗೆಳೆಯರ ಬಳಗದಲ್ಲಿ ಇಷ್ಟು ತುಂಬಿದ ಶೀಟ್ ಇನ್ನೊಬ್ಬರ ಹತ್ತಿರ ಇಲ್ಲ.

ಮೊದಲು ದುಡ್ಡಿನ ಮಾತು. ಹಳೇ ಪತ್ರಿಕೆಗಳ ಚಂದಾ ತಿಂಗಳಿಗೆ ಸುಮಾರು 30 ಯೂರೋ. ಹುಡುಕಿ ಕೊಡುತ್ತೇನೆ ಅಂದವರೊಬ್ಬರಿಗೆ 200ರ ಹತ್ತಿರ ಕೊಟ್ಟೆ, ಬಂದದ್ದು ಎಲ್ಲರಿಗೂ ಗೊತ್ತಿರುವ ಗೆದ್ದ ವರ್ಷಗಳ ಪಟ್ಟಿ! ಜನಗಣತಿ, ಜನನ ಮರಣ ದಾಖಲೆ ಬಿಟ್ಟಿ ಸಿಗುತ್ತವೆ, ಆದರೆ ಆಟದ ಬಗ್ಗೆ ಒಂದಕ್ಷರ ಇರುವುದಿಲ್ಲ.

ಪತ್ರಿಕೆಗಳಲ್ಲಿ ಅವನ ಹೆಸರು ಹಾಕಿದರೆ ಸಾವಿರಾರು ಪುಟ. ಸ್ಕ್ಯಾನ್ ಕೆಟ್ಟಿರುವ ಕಡೆ ಹೆಸರೇ ಎರಡು ತುಂಡು. ಸರಿ, 1904ರ ನಾಯಕ ಆಸ್ಟಿನ್ ಸ್ಟ್ಯಾಕ್ ಹೆಸರು ಹಾಕಿ ನೋಡಿದೆ, ಬರೀ ಹುಲ್ಲಿನ ಬಣವೆ ಮಾರಾಟದ ಜಾಹೀರಾತು (ಇಂಗ್ಲಿಷಿನಲ್ಲಿ ಸ್ಟ್ಯಾಕ್ ಅಂದರೆ ಬಣವೆ). ಆಮೇಲೆ ಜೊತೆಗಾರ ರೋಡಿ ಕಿರ್ವನ್ ಹೆಸರು ಹಾಕಿದೆ. ಪಂದ್ಯದ ವರದಿಗಳು ತಾವಾಗಿ ಬಂದವು, ತಂಡದ ಪಟ್ಟಿಯಲ್ಲಿ ನಮ್ಮ ಡಿಕ್ ಇದ್ದೇ ಇದ್ದ. ನಾಯಕನನ್ನು ಬಿಟ್ಟು ಅಪರೂಪದ ಹೆಸರಿನ ಪಕ್ಕದವನನ್ನು ಹಿಡಿಯಬೇಕು, ಅಷ್ಟೇ. 1909ರಿಂದ ಮುಂದಕ್ಕೆ ಯಾರ ಹೆಸರು ಬಳಸಿದೆ ಅಂತ ಸದ್ಯಕ್ಕೆ ಹೇಳುವುದಿಲ್ಲ.

ದಿನಾಂಕದಲ್ಲೂ ಒಂದು ತೊಡಕಿದೆ, ಚಾಂಪಿಯನ್‌ಶಿಪ್ ವರ್ಷ ಒಂದು, ಆಡಿದ ವರ್ಷ ಇನ್ನೊಂದು. 1903ರ ಹೋಮ್ ಫೈನಲ್ (ಐರ್ಲೆಂಡ್ ಒಳಗಿನ ತಂಡಗಳ ಫೈನಲ್) ನಡೆದದ್ದು 1905ರಲ್ಲಿ, ಕಿಲ್ಡೇರ್ ಕೌಂಟಿ ಮೇಲೆ ಮೂರು ಸಲ ಆಡಿ, ಟಿಪ್ಪೆರರಿಯಲ್ಲಿ ಜುಲೈನಲ್ಲಿ ಶುರುವಾಗಿ ಕಾರ್ಕ್‌ನಲ್ಲಿ ಅಕ್ಟೋಬರ್‌ಗೆ ಮುಗಿಯಿತು. 1904ರದ್ದು 1906ರಲ್ಲಿ. ಅದಕ್ಕೇ ಆಡಿದ ದಿನ ಮೊದಲ ಕಾಲಂ, ಚಾಂಪಿಯನ್‌ಶಿಪ್ ವರ್ಷ ಕೊನೇ ಕಾಲಂ. ಖಾಲಿ ಸಾಲನ್ನೂ ಅಳಿಸಬೇಡಿ. 1910ರ ಫೈನಲ್‌ಗೆ ಕೆರ್ರಿ ಹೋಗಲೇ ಇಲ್ಲ, ಬೆಂಬಲಿಗರಿಗೆ ರೈಲ್ವೆ ಕಂಪನಿ ಕಡಿಮೆ ದರದ ಟಿಕೆಟ್ ಕೊಡಲಿಲ್ಲ ಅಂತ, ಪಟ್ಟ ಲೌತ್ ಕೌಂಟಿ ಪಾಲಾಯಿತು. ಹೀಗೆ ಕೈತಪ್ಪಿದ ಫೈನಲ್ ಕೂಡ ಆಟಗಾರನ ಬದುಕೇ ಅಲ್ವಾ?

ನಡುವೆ ಇನ್ನೊಂದು ಪ್ರಯೋಗ. 1913ರಲ್ಲಿ ತಂಡ 17ರಿಂದ 15 ಜನಕ್ಕೆ ಇಳಿಯಿತು, ಡಿಕ್ ಆ ವರ್ಷವೂ ಮುಂದಿನ ವರ್ಷವೂ ನಾಯಕನಾಗಿ ಗೆದ್ದ. ಜಾಗ ಎಷ್ಟು ತೆರೆದುಕೊಳ್ಳುತ್ತದೆ ನೋಡೋಣ ಅಂತ ಫೀನಿಕ್ಸ್ ಪಾರ್ಕ್‌ನಲ್ಲಿ ಗೆಳೆಯರನ್ನು ಎರಡೂ ರೀತಿ ನಿಲ್ಲಿಸಿದೆ. ಎರಡು ಜನ ಕಡಿಮೆಯಾದರೆ ಓಡುವವನಿಗೆ ದಾರಿ ಸಿಗುತ್ತದೆ, ನಿಂತು ನೋಡಿದರೆ ಥಟ್ಟನೆ ಗೊತ್ತಾಗುತ್ತದೆ. 1914ರಲ್ಲಿ ಅವನು ಈ ಆಟ ಆಡುವುದು ಹೇಗೆ ಅಂತ ಪುಸ್ತಕವನ್ನೇ ಬರೆದ. ಅದನ್ನು ಈ ಕಣ್ಣಿನಿಂದ ಓದಬೇಕು.

ಬ್ರಿಟಿಷರ ವಿರುದ್ಧ ಡಬ್ಲಿನ್‌ನಲ್ಲಿ ಎದ್ದ 1916ರ ದಂಗೆಯ ನಂತರ ಅವನನ್ನು ವೇಲ್ಸ್‌ನ ಫ್ರೋಂಗೋಚ್ ಬಂಧನ ಶಿಬಿರದಲ್ಲಿಟ್ಟರು, ಅಲ್ಲೂ ಆಡಿದ. ಇದಕ್ಕೆ ಹಳೇ ಹೋರಾಟಗಾರರ ಹೇಳಿಕೆಗಳನ್ನು ನೋಡಿ, ಅವು ಬಿಟ್ಟಿ. 1930ರ ಸೆಪ್ಟೆಂಬರ್‌ನಲ್ಲಿ, ಕೆರ್ರಿ ಆಡಬೇಕಿದ್ದ ಫೈನಲ್‌ಗೆ ಎರಡು ದಿನ ಮುಂಚೆ, ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡ. ಕಿಲಾರ್ನಿಯ ಸ್ಟೇಡಿಯಂಗೆ 1936ರಲ್ಲಿ ಅವನ ಹೆಸರಿಟ್ಟರು.

ಒಟ್ಟು ಖರ್ಚು 400 ಯೂರೋ ಒಳಗೆ. ಕ್ಲಬ್ ಪಂದ್ಯಗಳು ಇನ್ನೂ ಬಾಕಿ ಇವೆ, ಅದಕ್ಕೆ ಕಿಲಾರ್ನಿ ಕಡೆಯದೇ ಒಂದು ಅಪರೂಪದ ಹೆಸರು ಬೇಕು. ಎರಡು ಹೆಸರು ಗುರುತು ಹಾಕಿಕೊಂಡಿದ್ದೇನೆ.