ನಿಮ್ಮ ಸೇವಾ ಕಡತ ಬೇರೆಯವರು ಕೇಳಿದ್ದಾರೆಯೇ? ಹತ್ತು ದಿನದಲ್ಲಿ ಮಾಡಬೇಕಾದ ಕೆಲಸ

ಜಿಲ್ಲಾ ಕಚೇರಿಯಿಂದ ಹೊರಟ ಲಕೋಟೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಟಪಾಲಿಗೆ ಬಂದು, ಮಾಸಿಕ ಸಭೆಗೆ ಹೋದವರ ಕೈಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಮುಟ್ಟುವಷ್ಟರಲ್ಲಿ ವಾರವೇ ಸರಿದಿರುತ್ತದೆ. ಒಡೆದು ನೋಡಿದರೆ, ‘ಮಾಹಿತಿ ಹಕ್ಕು ಅಧಿನಿಯಮ 2005ರ ಕಲಂ 11ರಂತೆ ಮೂರನೇ ವ್ಯಕ್ತಿಗೆ ನೋಟಿಸ್’. ನಿಮ್ಮ ಸೇವಾ ವಹಿ, ರಜೆ ಅರ್ಜಿಗಳು, ವೇತನ ಚೀಟಿ, ಆಸ್ತಿ ಪಟ್ಟಿ, ಎಲ್ಲದರ ನಕಲು ಯಾರೋ ಕೇಳಿದ್ದಾರೆ. ಶುಶ್ರೂಷಾಧಿಕಾರಿಯಾಗಲಿ, ವೈದ್ಯರಾಗಲಿ, ಲ್ಯಾಬ್ ತಂತ್ರಜ್ಞರಾಗಲಿ, ಬಹಳ ಜನ ಇಂಥ ಹೊತ್ತಿನಲ್ಲಿ ಹೆದರಿ ಸುಮ್ಮನಾಗುತ್ತಾರೆ, ಇಲ್ಲವೇ ‘ನನ್ನ ಯಾವ ಮಾಹಿತಿಯನ್ನೂ ಕೊಡಬಾರದು’ ಎಂದು ಒಂದು ಸಾಲು ಗೀಚಿ ಕಳಿಸುತ್ತಾರೆ. ಎರಡರಿಂದಲೂ ಉಪಯೋಗವಿಲ್ಲ. ಸೇವಾ ಕಡತದಲ್ಲಿ ಊರವರಿಗೆ ಸೇರಿದ ಹಾಳೆಗಳಿವೆ, ನಿಮಗೆ ಮಾತ್ರ ಸೇರಿದ ಹಾಳೆಗಳೂ ಇವೆ. ಬೇರ್ಪಡಿಸಿ ಉತ್ತರ ಬರೆದವರ ಮಾತಿಗೆ ತೂಕ ಬರುತ್ತದೆ.

ಮೊದಲು ತಾರೀಖು

ನೋಟಿಸ್ ಪಡೆದದ್ದಕ್ಕೆ ಸಹಿ ಹಾಕುವಾಗ ಪಕ್ಕದಲ್ಲೇ ಆ ದಿನದ ತಾರೀಖನ್ನು ನಿಮ್ಮ ಕೈಯಿಂದಲೇ ಬರೆಯಿರಿ. ‘ಬರೇ ಸಹಿ ಮಾಡ್ರಿ, ತಾರೀಖು ನಾವ್ ಹಾಕ್ಕೋತೀವಿ’ ಎಂದರೆ ಒಪ್ಪಬೇಡಿ. ಅರ್ಜಿ ಬಂದ 5 ದಿನದೊಳಗೆ ಸಾರ್ವಜನಿಕ ಮಾಹಿತಿ ಅಧಿಕಾರಿ ನಿಮಗೆ ನೋಟಿಸ್ ಕೊಡಬೇಕು. ನಿಮ್ಮ ಅಹವಾಲು ಸಲ್ಲಿಸಲು ಇರುವುದು ನೋಟಿಸ್ ಕೈಸೇರಿದ ದಿನದಿಂದ 10 ದಿನ. ಅರ್ಜಿ ಬಂದ 40 ದಿನದೊಳಗೆ ಅಧಿಕಾರಿ ತೀರ್ಮಾನ ಬರೆಯಬೇಕು. ಲಕೋಟೆ ಜಿಲ್ಲಾ ಕಚೇರಿಯಿಂದ ಹೊರಟ ದಿನದಿಂದ ಎಣಿಸಿದರೆ ನಿಮ್ಮ ಪಾಲಿಗೆ ಮೂರೇ ದಿನ ಉಳಿಯಬಹುದು. ಆದ್ದರಿಂದ ಅಂಚೆ ಮುದ್ರೆಯಿರುವ ಲಕೋಟೆಯನ್ನೂ ಎಸೆಯದೆ ಇಟ್ಟುಕೊಳ್ಳಿ.

ನೋಟಿಸಿನ ಜೊತೆ ಅರ್ಜಿದಾರರು ಏನು ಕೇಳಿದ್ದಾರೆ ಎಂಬುದು ಇಲ್ಲದಿದ್ದರೆ ಅದೇ ದಿನ ಲಿಖಿತವಾಗಿ ಕೇಳಿ ಪಡೆಯಿರಿ. ಯಾವ ದಾಖಲೆ ಎಂದು ಗೊತ್ತಿಲ್ಲದೆ ಬರೆದ ಆಕ್ಷೇಪಣೆ ಗಾಳಿಗೆ ಗುದ್ದಿದ ಹಾಗೆ.

ಕಾನೂನು ಈಗ ಎಲ್ಲಿದೆ

2012ರಲ್ಲಿ ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೌಕರನಿಗೆ ಕೊಟ್ಟ ಜ್ಞಾಪನ, ಕಾರಣ ಕೇಳಿ ನೋಟಿಸ್, ಆಸ್ತಿ ವಿವರ, ಆದಾಯ ತೆರಿಗೆ ಲೆಕ್ಕ ಇವೆಲ್ಲ ವೈಯಕ್ತಿಕ ಮಾಹಿತಿ ಎಂದಿತು. ದೊಡ್ಡ ಸಾರ್ವಜನಿಕ ಹಿತವಿದ್ದರೆ ಮಾತ್ರ ಕೊಡಬಹುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು.

2025ರ ನವೆಂಬರಿನಲ್ಲಿ ಇನ್ನೊಂದು ಬದಲಾವಣೆ ಜಾರಿಗೆ ಬಂತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023, ಮಾಹಿತಿ ಹಕ್ಕಿನ ಕಲಂ 8(1)(ಜೆ)ಯನ್ನು ತಿದ್ದಿದೆ. ಮೊದಲು ‘ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ’, ಇಲ್ಲವೇ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಗೆ ಮಾತ್ರ ರಕ್ಷಣೆ ಇತ್ತು. ಆ ಮಾತು ಹೋಗಿ, ಈಗ ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು’ ಎಂದಷ್ಟೇ ಉಳಿದಿದೆ. ಇದನ್ನು ಓದಿದ ಕೆಲವರು ‘ಇನ್ನು ಏನೂ ಕೊಡಬೇಕಾಗಿಲ್ಲ’ ಎಂದುಕೊಂಡಿದ್ದಾರೆ. ಅದು ತಪ್ಪು. ಕಲಂ 8(2) ಹಾಗೇ ಇದೆ: ಆಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು. ಕಲಂ 4(1)(ಬಿ) ಕೂಡ ಇದೆ. ಅದರಂತೆ ಅಧಿಕಾರಿ, ನೌಕರರ ಹೆಸರಿನ ಪಟ್ಟಿಯನ್ನೂ ಅವರ ಮಾಸಿಕ ವೇತನವನ್ನೂ ಕಚೇರಿ ತಾನಾಗಿಯೇ ಪ್ರಕಟಿಸಬೇಕು.

ಹಾಳೆ ಹಾಳೆ ಬೇರ್ಪಡಿಸಿ

ಮೇಜಿನ ಮೇಲೆ ಮೂರು ಕಟ್ಟು ಮಾಡಿ ಎಂದುಕೊಳ್ಳಿ.

ಮೊದಲ ಕಟ್ಟು, ಆಕ್ಷೇಪಿಸಬಾರದ್ದು. ಹೆಸರು, ಹುದ್ದೆ, ಕೆಲಸದ ಸ್ಥಳ, ನೇಮಕಾತಿ ಮತ್ತು ವರ್ಗಾವಣೆ ಆದೇಶ, ಒಟ್ಟು ವೇತನ, ಕರ್ತವ್ಯದ ಪಾಳಿ ಪಟ್ಟಿ. ಆ ರಾತ್ರಿ ಹೆರಿಗೆ ಕೋಣೆಯಲ್ಲಿ ಯಾರು ಡ್ಯೂಟಿಯಲ್ಲಿದ್ದರು ಎಂದು ಕೇಳುವ ಹಕ್ಕು ಬಾಣಂತಿಯ ಮನೆಯವರಿಗೆ ಇದೆ, ಇರಲೇಬೇಕು. ಇದಕ್ಕೂ ಅಡ್ಡ ಬಂದರೆ ನಿಮ್ಮ ಉಳಿದ ನ್ಯಾಯವಾದ ಆಕ್ಷೇಪಣೆಯನ್ನೂ ಯಾರೂ ನಂಬುವುದಿಲ್ಲ.

ಎರಡನೆಯ ಕಟ್ಟು, ಯಾವ ಕಾರಣಕ್ಕೂ ಹೊರಗೆ ಹೋಗಬಾರದ್ದು. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಸಂಖ್ಯೆ, ಮನೆ ವಿಳಾಸ, ಸ್ವಂತ ಮೊಬೈಲ್ ಸಂಖ್ಯೆ, ನಾಮನಿರ್ದೇಶಿತರ ಮತ್ತು ಮಕ್ಕಳ ವಿವರ, ವೈದ್ಯಕೀಯ ವೆಚ್ಚ ಮರುಪಾವತಿಯ ಬಿಲ್ಲು, ರೋಗದ ಹೆಸರಿರುವ ಪ್ರಮಾಣಪತ್ರ. ಆಸ್ಪತ್ರೆಯವರಿಗೆ ವಿಶೇಷವಾಗಿ ಹೇಳಬೇಕಾದ್ದು ಸೂಜಿ ಚುಚ್ಚಿದ ಗಾಯದ ದಾಖಲೆ. ರೋಗಿಗೆ ಹಾಕಿದ ಸೂಜಿ ಕೈಗೆ ಚುಚ್ಚಿ ಎಚ್‌ಐವಿ ತಡೆ ಔಷಧ 28 ದಿನ ತೆಗೆದುಕೊಂಡ ಸಿಸ್ಟರ್ ಅವರ ಹೆಸರು, ಪರೀಕ್ಷೆಯ ಫಲಿತಾಂಶ, ಆ ದಿನಗಳ ರಜೆ ಅರ್ಜಿ ಮೂರೂ ಒಂದೇ ಕಡತದಲ್ಲಿರುತ್ತವೆ. ರಜೆ ಅರ್ಜಿಯ ನಕಲು ಕೊಟ್ಟರೆ ಸಾಕು, ಊರು ಉಳಿದದ್ದನ್ನು ತಾನೇ ಕಟ್ಟಿಕೊಳ್ಳುತ್ತದೆ. ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2017 ಈ ಸ್ಥಿತಿಯನ್ನು ಬಹಿರಂಗ ಮಾಡುವುದನ್ನು ನಿಷೇಧಿಸುತ್ತದೆ. ಮಾನಸಿಕ ಚಿಕಿತ್ಸೆಯ ವಿವರಕ್ಕೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ರಕ್ಷಣೆಯಿದೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ದೂರು, ವಿಚಾರಣೆ, ಸಾಕ್ಷಿಗಳ ಹೆಸರು ಇವನ್ನು ಪ್ರಕಟಿಸಬಾರದೆಂದು 2013ರ ಕಾಯ್ದೆಯ ಕಲಂ 16, ಮಾಹಿತಿ ಹಕ್ಕನ್ನೇ ಹೆಸರಿಸಿ ಹೇಳುತ್ತದೆ.

ಮೂರನೆಯ ಕಟ್ಟಿನಲ್ಲೇ ಜಗಳವೆಲ್ಲ. ಇಲ್ಲಿ ಕಾಗದ ಪೂರ್ತಿ ಕೊಡುವುದೂ ತಪ್ಪು, ಪೂರ್ತಿ ಮುಚ್ಚುವುದೂ ತಪ್ಪು. ಕಲಂ 10ರಂತೆ ಕೊಡಬಹುದಾದ ಭಾಗವನ್ನು ಬೇರ್ಪಡಿಸಿ ಕೊಡಲು ಅವಕಾಶವಿದೆ.

ವೇತನ ಚೀಟಿಯನ್ನೇ ತೆಗೆದುಕೊಳ್ಳಿ. ಎಚ್‌ಆರ್‌ಎಂಎಸ್‌ನಿಂದ, ಅಂದರೆ ಸರ್ಕಾರಿ ವೇತನ ತಂತ್ರಾಂಶದಿಂದ, ಬರುವ ಹಾಳೆಯಲ್ಲಿ ಒಂದು ಬದಿ ಮೂಲ ವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ಇನ್ನೊಂದು ಬದಿ ಕಡಿತಗಳು: ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆ) ಕಂತು, ಪತ್ತಿನ ಸಂಘದ ಸಾಲ, ಕೋರ್ಟ್ ಜಪ್ತಿ. ಸರ್ಕಾರ ಎಷ್ಟು ಕೊಡುತ್ತದೆ ಎನ್ನುವುದು ಜನರ ಲೆಕ್ಕ. ಆ ದುಡ್ಡು ಯಾವ ಸಾಲಕ್ಕೆ ಹೋಯಿತು ಎನ್ನುವುದು ನಿಮ್ಮ ಮನೆಯ ಲೆಕ್ಕ. ಗಳಿಕೆಯ ಬದಿ ಕೊಡಲಿ, ಕಡಿತದ ಬದಿಯನ್ನೂ ಕೆಜಿಐಡಿ ಸಂಖ್ಯೆಯನ್ನೂ ಮುಚ್ಚಲಿ ಎಂದು ಬರೆಯಿರಿ.

ಹಾಜರಾತಿಯೂ ಹೀಗೆಯೇ. ಬಂದಿದ್ದರೋ ಇಲ್ಲವೋ, ರಜೆ ಮಂಜೂರಾಗಿತ್ತೋ ಇಲ್ಲವೋ, ಇವೆರಡು ಸಾಕು. ರಜೆ ಯಾಕೆ ಎಂಬುದು ಬೇಡ.

ಕೌನ್ಸೆಲಿಂಗ್ ವರ್ಗಾವಣೆಯಲ್ಲಿ ಕಾಯಿಲೆಯ ಆಧಾರದ ಮೇಲೆ ಆದ್ಯತೆ ಸಿಕ್ಕಿದ್ದರೆ, ಆ ಪ್ರಮಾಣಪತ್ರವನ್ನು ಕೇಳುವವರು ಹೆಚ್ಚಾಗಿ ಸಹೋದ್ಯೋಗಿಗಳೇ. ಹುಬ್ಬಳ್ಳಿಯ ಹುದ್ದೆ ತಮಗೆ ತಪ್ಪಿ ಬೇರೆಯವರಿಗೆ ಹೋಗಿದ್ದರೆ ಪ್ರಮಾಣಪತ್ರ ಸಾಚಾ ಹೌದೋ ಎಂದು ಕೇಳುವುದರಲ್ಲಿ ಅನ್ಯಾಯವಿಲ್ಲ. ಅದಕ್ಕೆ ಉತ್ತರ ಕೊಡಲು ರೋಗದ ಹೆಸರು ಬೇಕಿಲ್ಲ. ಯಾವ ವರ್ಗದಡಿ ಆದ್ಯತೆ, ಯಾವ ಪ್ರಾಧಿಕಾರ ಪ್ರಮಾಣಪತ್ರ ಕೊಟ್ಟಿತು, ಯಾವ ತಾರೀಖು, ಕಚೇರಿ ಅದನ್ನು ಪರಿಶೀಲಿಸಿತೇ ಎಂಬ ನಾಲ್ಕು ವಿವರ ಕೊಟ್ಟರೆ ಅನುಮಾನವೂ ತೀರುತ್ತದೆ, ಕಾಯಿಲೆಯೂ ಗುಟ್ಟಾಗಿ ಉಳಿಯುತ್ತದೆ.

ಕಾರ್ಯನಿರ್ವಹಣಾ ವರದಿ, ನಡೆಯುತ್ತಿರುವ ಇಲಾಖಾ ವಿಚಾರಣೆ, ಆಸ್ತಿ ಮತ್ತು ಹೊಣೆಗಾರಿಕೆ ಪಟ್ಟಿ ಇವನ್ನು ಬೇರೆಯವರಿಗೆ ಕೊಡದಂತೆ 2012ರ ತೀರ್ಪಿನ ಆಧಾರದಲ್ಲಿ ಕೇಳಬಹುದು. ಆದರೆ ನಿಮ್ಮದೇ ಕಾರ್ಯನಿರ್ವಹಣಾ ವರದಿ ನಿಮಗೆ ಗುಟ್ಟಲ್ಲ. ವರದಿಯ ಪ್ರತಿಯೊಂದು ನಮೂದನ್ನೂ ನೌಕರರಿಗೆ ತಿಳಿಸಬೇಕೆಂದು 2008ರ ದೇವದತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಉತ್ತರ ಹೀಗೆ ಬರೆಯಿರಿ

ಒಂದು ಪುಟ ಸಾಕು. ಸಿಟ್ಟು ಬೇಡ, ಅರ್ಜಿದಾರರ ಉದ್ದೇಶದ ಬಗ್ಗೆ ಒಂದು ಮಾತೂ ಬೇಡ. ಉದ್ದೇಶ ಹೇಳಬೇಕೆಂಬ ನಿಯಮ ಅವರಿಗಿಲ್ಲ.

‘ದಿನಾಂಕ ..... ರಂದು ನನಗೆ ತಲುಪಿದ ತಮ್ಮ ನೋಟಿಸಿಗೆ ಕಲಂ 11ರಂತೆ ಈ ಅಹವಾಲು. ಅರ್ಜಿಯ ಕ್ರಮಸಂಖ್ಯೆ 1 ಮತ್ತು 2ರ ಮಾಹಿತಿ ನೀಡಲು ನನ್ನ ಆಕ್ಷೇಪಣೆ ಇಲ್ಲ. ಕ್ರಮಸಂಖ್ಯೆ 3ರ ವೇತನ ಚೀಟಿಯಲ್ಲಿ ಕಡಿತಗಳು, ಬ್ಯಾಂಕ್ ಖಾತೆ, ಪ್ಯಾನ್ ಮತ್ತು ಕೆಜಿಐಡಿ ಸಂಖ್ಯೆಗಳನ್ನು ಕಲಂ 10ರಂತೆ ಬೇರ್ಪಡಿಸಬೇಕು. ಕ್ರಮಸಂಖ್ಯೆ 4ರ ವೈದ್ಯಕೀಯ ಪ್ರಮಾಣಪತ್ರ ಕಲಂ 8(1)(ಜೆ)ಯಡಿ ವೈಯಕ್ತಿಕ ಮಾಹಿತಿಯಾಗಿದ್ದು, ಅದನ್ನು ಬಹಿರಂಗಪಡಿಸುವಷ್ಟು ಸಾರ್ವಜನಿಕ ಹಿತ ಅರ್ಜಿಯಲ್ಲಿ ಕಾಣುವುದಿಲ್ಲ. ತೀರ್ಮಾನದ ಪ್ರತಿಯನ್ನು ನನಗೂ ನೀಡಬೇಕು.’

ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಖುದ್ದಾಗಿ ಕೊಡಲು ಆಗದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ನಿಮ್ಮ ಆಕ್ಷೇಪಣೆ ಕೊನೆಯ ಮಾತಲ್ಲ, ಅಧಿಕಾರಿ ಅದನ್ನು ತೂಗಿ ನೋಡಬೇಕು ಅಷ್ಟೆ. ಕೊಡುವುದೆಂದು ತೀರ್ಮಾನಿಸಿದರೆ, ಮೇಲ್ಮನವಿಗೆ ಅವಕಾಶವಿದೆ ಎಂಬುದನ್ನೂ ಸೇರಿಸಿ ನಿಮಗೆ ಲಿಖಿತವಾಗಿ ತಿಳಿಸಬೇಕು. ಆ ಆದೇಶದ ತಾರೀಖಿನಿಂದ 30 ದಿನದೊಳಗೆ ಅದೇ ಇಲಾಖೆಯ ಮೊದಲ ಮೇಲ್ಮನವಿ ಪ್ರಾಧಿಕಾರ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಅದರ ಆದೇಶದ ವಿರುದ್ಧ ನಮ್ಮ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಯವರು ಹೋಗಬೇಕಾದ್ದು ಹೈಕೋರ್ಟಿನ ಧಾರವಾಡ ಪೀಠಕ್ಕೆ.

ಕಡತ ನೋಡುವ ವಿಷಯ ನಿರ್ವಾಹಕರಿಗೆ: ಮುಚ್ಚುವುದನ್ನು ಸರಿಯಾಗಿ ಮುಚ್ಚಿ

ಮೂಲ ದಾಖಲೆಯ ಮೇಲೆ ಎಂದೂ ಪೆನ್ನು ಆಡಿಸಬೇಡಿ. ಮೊದಲು ಝೆರಾಕ್ಸ್ ತೆಗೆದು, ಆ ಪ್ರತಿಯ ಮೇಲೆ ಕಪ್ಪು ಮಾರ್ಕರ್ ಎಳೆಯಿರಿ. ಅದನ್ನೇ ಕೊಟ್ಟುಬಿಟ್ಟರೆ ಬೆಳಕಿಗೆ ಹಿಡಿದಾಗ ಅಂಕಿ ಕಾಣುತ್ತದೆ. ಶಾಯಿ ಹೀರಿಕೊಂಡರೂ ಮುದ್ರಣದ ಕಪ್ಪು ಬೇರೆಯೇ ಹೊಳೆಯುತ್ತದೆ. ಆದ್ದರಿಂದ ಮಾರ್ಕರ್ ಎಳೆದ ಹಾಳೆಯನ್ನು ಇನ್ನೊಮ್ಮೆ ಝೆರಾಕ್ಸ್ ಮಾಡಿ, ಎರಡನೆಯ ಪ್ರತಿಯನ್ನು ಕೊಡಿ. ಕಂಪ್ಯೂಟರಿನಲ್ಲಿ ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದು ಮೇಲ್ ಮಾಡಿದರೆ ಕೆಳಗಿನ ಅಕ್ಷರ ಹಾಗೇ ಉಳಿದಿರಬಹುದು, ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಹೊರಬರುತ್ತದೆ. ಮುದ್ರಿಸಿ, ಮುಚ್ಚಿ, ಸ್ಕ್ಯಾನ್ ಮಾಡುವುದೇ ಸುರಕ್ಷಿತ. ಯಾವ ಭಾಗ ಮುಚ್ಚಿದೆ, ಯಾವ ಕಲಮಿನಡಿ, ಏಕೆ ಎಂದು ಹಿಂಬರಹದಲ್ಲಿ ಬರೆಯಲೇಬೇಕು. ಸಕಾರಣವಿಲ್ಲದೆ ತಡಮಾಡಿದರೆ ಮಾಹಿತಿ ಅಧಿಕಾರಿಗೆ ದಿನಕ್ಕೆ ₹250, ಗರಿಷ್ಠ ₹25,000 ದಂಡ ಬೀಳಬಹುದು.

ಕೇಳುವವರು ಹೇಗೆ ಕೇಳಬೇಕು

ಅರ್ಜಿ ಶುಲ್ಕ ₹10, ನಕಲಿಗೆ ಎ4 ಹಾಳೆಗೆ ₹2. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಯಾರಿಗೆ ಬರೆಯಬೇಕು ಎನ್ನುವಲ್ಲೇ ಬಹಳ ಅರ್ಜಿಗಳು ದಾರಿ ತಪ್ಪುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರದವರ ಕಡತ ಆರೋಗ್ಯ ಇಲಾಖೆಯದು. ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಹಿಂದಿನ ಕಿಮ್ಸ್), ಗದಗಿನ ಜಿಮ್ಸ್, ಹಾವೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವು ಸ್ವಾಯತ್ತ ಸಂಸ್ಥೆಗಳು. ಹುಬ್ಬಳ್ಳಿಯ ಚಿಟಗುಪ್ಪಿ ಆಸ್ಪತ್ರೆ ಮಹಾನಗರ ಪಾಲಿಕೆಯದು. ತಪ್ಪಿ ಬೇರೆ ಕಚೇರಿಗೆ ಕೊಟ್ಟರೆ 5 ದಿನದಲ್ಲಿ ವರ್ಗಾಯಿಸಬೇಕೆಂಬ ಕಲಂ 6(3) ಇದ್ದರೂ ದಿನಗಳು ಹೋಗುತ್ತವೆ.

‘ಸೇವಾ ಕಡತದ ಸಂಪೂರ್ಣ ನಕಲು’ ಎಂದು ಕೇಳಿದರೆ ತಿರಸ್ಕಾರ ಬರುವುದೇ ಹೆಚ್ಚು. ‘ಇಂಥ ತಾರೀಖಿನ ರಾತ್ರಿ ಪಾಳಿಯ ಕರ್ತವ್ಯ ಪಟ್ಟಿ’ ಎಂದು ಕೇಳಿ. ಕಾರಣ ಹೇಳುವುದು ಕಡ್ಡಾಯವಲ್ಲದಿದ್ದರೂ, ತಿದ್ದುಪಡಿಯ ನಂತರ ಸಾರ್ವಜನಿಕ ಹಿತ ಯಾವುದು ಎಂದು ಒಂದು ಸಾಲು ಬರೆಯುವುದು ಜಾಣತನ. ವೈದ್ಯರ ಪದವಿ ಸಾಚಾ ಹೌದೋ ಎಂಬ ಅನುಮಾನಕ್ಕೆ ಸೇವಾ ವಹಿ ಬೇಕಿಲ್ಲ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ನೋಡಿದರೆ ಆಯಿತು.

ಮಾಹಿತಿ ಹಕ್ಕಿಲ್ಲದೆಯೇ ಸೋರುವುದು

ನಿಜ ಹೇಳಬೇಕೆಂದರೆ, ಅರ್ಜಿ ಹಾಕಿ ಕೇಳಿದವರಿಂದ ಆಗುವುದಕ್ಕಿಂತ ಹೆಚ್ಚು ಹಾನಿ ವಾಟ್ಸ್‌ಆ್ಯಪ್ ಗುಂಪಿನಿಂದ ಆಗುತ್ತಿದೆ. ಒಬ್ಬರಿಗೆ ಕೊಟ್ಟ ಕಾರಣ ಕೇಳಿ ನೋಟಿಸನ್ನು ಫೋಟೊ ಹೊಡೆದು ತಾಲ್ಲೂಕಿನ ಗುಂಪಿಗೆ ಹಾಕುವುದು, ಆಧಾರ್ ಮತ್ತು ಖಾತೆ ಸಂಖ್ಯೆಯ ಕಾಲಮ್ಮಿರುವ ಪಟ್ಟಿಯನ್ನು ‘ಎಲ್ಲರೂ ತುಂಬಿ’ ಎಂದು ಬಿಡುವುದು, ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನದ ಹಾಳೆಯನ್ನು ಖಾತೆ ಸಂಖ್ಯೆ ಸಮೇತ ಹಂಚುವುದು. ಇದಕ್ಕೆ ಯಾರ ಒಪ್ಪಿಗೆಯನ್ನೂ ಯಾರೂ ಕೇಳಿರುವುದಿಲ್ಲ. ನಿಮ್ಮ ಕಾಗದ ಹೀಗೆ ಬಂದರೆ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಹಾಕಿದವರ ಹೆಸರು ಮತ್ತು ವೇಳೆ ಕಾಣುವಂತೆ. ಆಮೇಲೆ ಅಳಿಸಲು ಕೇಳಿ. ‘ಡಿಲೀಟ್ ಮಾಡ್ರಿ’ ಎಂದು ಮೊದಲೇ ಹೇಳಿದರೆ ಪುರಾವೆಯೂ ಹೋಗುತ್ತದೆ. ಅಂದೇ ಕಚೇರಿ ಮುಖ್ಯಸ್ಥರಿಗೆ ಬರೆದುಕೊಟ್ಟು, ನೋಟಿಸನ್ನು ಮುಚ್ಚಿದ ಲಕೋಟೆಯಲ್ಲೇ ಕೊಡಬೇಕೆಂದು ಕೋರಿ. ದತ್ತಾಂಶ ಕಾಯ್ದೆಯ ಹೆಚ್ಚಿನ ಹೊಣೆಗಾರಿಕೆಯ ಕಲಂಗಳು 2025ರ ನವೆಂಬರಿನಿಂದ 18 ತಿಂಗಳಾದ ಮೇಲೆ ಜಾರಿಗೆ ಬರಲಿವೆ. ಅಲ್ಲಿಯತನಕ ಈ ಲಿಖಿತ ದೂರು ಮತ್ತು ಅದರ ಮೇಲಿನ ಸ್ವೀಕೃತಿ ಮೊಹರನ್ನು ಜೋಪಾನವಾಗಿಡಿ.